48 ಅಂಕಿ ಮತ್ತು ಒಂದು ನೀಲಿ ಸ್ಕ್ರೀನ್

ಆ ಲ್ಯಾಪ್‌ಟಾಪ್‌ನ ಅಪ್‌ಗ್ರೇಡ್ ಶುರುವೇ ಆಗಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕಂದ್ರೆ ಆಮೇಲೆ ಕ್ಯಾಂಟೀನ್‌ನಲ್ಲಿ ಸಿಕ್ಕವರೆಲ್ಲ "ವಿಂಡೋಸ್ 11 ಹಾಕೋವಾಗ ಏನೋ ಕೆಟ್ಟೋಯ್ತಂತೆ?" ಅಂತ ಕೇಳಿದರು. ವಿಂಡೋಸ್ 11 ಪಾಪ ಏನೂ ಮಾಡಿಲ್ಲ. ಕೆಡಿಸಿದ್ದು ನಾನು. ಅದೂ ಬರೀ ತಯಾರಿ ಮಾಡುವಾಗ, ಚೆಕ್‌ಲಿಸ್ಟ್‌ಗೆ ಒಂದೊಂದೇ ಟಿಕ್ ಹಾಕುತ್ತಾ.

ನಾನು ಡೆಸ್ಕ್‌ಟಾಪ್ ಸಪೋರ್ಟ್‌ನಲ್ಲಿ ಇದ್ದೇನೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಪೋರ್ಟ್ ಮುಗಿಯುತ್ತದೆ ಅನ್ನೋದು ನಮಗೆಲ್ಲ ಯಾವಾಗಲೋ ಗೊತ್ತಿತ್ತು. ವಿಂಡೋಸ್ 11 ಬಂದದ್ದು 2021ರಲ್ಲಿ. ನಾಲ್ಕು ವರ್ಷ ಟೈಮ್ ಇತ್ತು. ನಮ್ಮ ಮೇಲಿನವರಿಗೆ ಜ್ಞಾನೋದಯ ಆದದ್ದು ಆಗಸ್ಟ್ ಕೊನೆಯಲ್ಲಿ. ಆಮೇಲೆ ಒಂದು ಟ್ರ್ಯಾಕರ್ ಶೀಟ್ ಬಂತು, ಕೆಂಪು-ಹಳದಿ-ಹಸಿರು ಬಣ್ಣದ್ದು. ದಿನಾ ಸಂಜೆ ಐದಕ್ಕೆ ಕಾಲ್. ಎಷ್ಟು ಹಸಿರಾಯ್ತು, ಯಾಕೆ ಆಗಲಿಲ್ಲ, ನಾಳೆ ಎಷ್ಟು. ಟಿಪಿಎಂ 2.0 (ವಿಂಡೋಸ್ 11ಕ್ಕೆ ಬೇಕಾದ ಸೆಕ್ಯೂರಿಟಿ ಚಿಪ್) ಇಲ್ಲದ ಹಳೆ ಮಷಿನ್‌ಗಳನ್ನು ಏನು ಮಾಡೋದು ಅಂತ ಕೇಳಿದರೆ ಮಾತ್ರ "ಅದನ್ನ ಆಫ್‌ಲೈನ್ ಡಿಸ್ಕಸ್ ಮಾಡೋಣ".

ಸೆಪ್ಟೆಂಬರ್ ಮೂರನೇ ವಾರದ ಹೊತ್ತಿಗೆ ನನ್ನ ಕೈ ಚೆನ್ನಾಗಿ ಪಳಗಿತ್ತು. ಇಪ್ಪತ್ತಕ್ಕಿಂತ ಜಾಸ್ತಿ ಲ್ಯಾಪ್‌ಟಾಪ್ ಮುಗಿಸಿದ್ದೆ. ಡಿಸ್ಕ್‌ನಲ್ಲಿ ಜಾಗ ಇದೆಯಾ, ಟಿಕ್. ಚಾರ್ಜರ್ ಹಾಕಿದೆಯಾ, ಟಿಕ್. ಬ್ಯಾಕಪ್, ಟಿಕ್. ಬಯೋಸ್ ಅಪ್‌ಡೇಟ್, ಟಿಕ್. ಬಯೋಸ್ ಅಂದ್ರೆ ವಿಂಡೋಸ್‌ಗಿಂತ ಮೊದಲು ಎದ್ದು ಮಷಿನ್ ಶುರು ಮಾಡೋ ಸಾಫ್ಟ್‌ವೇರ್. ಅದರ ಕಥೆ ಏನಂದ್ರೆ, ಒಂದೇ ಮಾಡೆಲ್‌ನ ಎರಡು ಲ್ಯಾಪ್‌ಟಾಪ್‌ಗಳು ಅಪ್‌ಗ್ರೇಡ್ ಅರ್ಧಕ್ಕೆ ನಿಲ್ಲಿಸಿ ವಾಪಸ್ ವಿಂಡೋಸ್ 10ಕ್ಕೆ ಹೋಗಿದ್ದವು, 0xC1900101 ಅನ್ನೋ ಎರರ್ ಕೊಟ್ಟು. ಇದು ಸಾಮಾನ್ಯವಾಗಿ ಡ್ರೈವರ್ ಕಿರಿಕಿರಿ. ಬಯೋಸ್, ಡ್ರೈವರ್ ಎರಡನ್ನೂ ಹೊಸದು ಮಾಡಿದ ಮೇಲೆ ಸರಿಹೋಯ್ತು. ಹಾಗಾಗಿ ಎಲ್ಲಕ್ಕೂ ಮೊದಲು ಬಯೋಸ್ ಅಂತ ನಾವೇ ಮಾಡಿಕೊಂಡ ನಿಯಮ.

ಆವತ್ತಿನ ಲ್ಯಾಪ್‌ಟಾಪ್ ಅಕೌಂಟ್ಸ್ ಮೇಡಂ ಅವರದ್ದು. ಬೆಳಿಗ್ಗೆ ಹತ್ತಕ್ಕೆ ತಂದುಕೊಟ್ಟರು, ಶಟ್‌ಡೌನ್ ಮಾಡಿಯೇ. "ಹನ್ನೆರಡಕ್ಕೆ ಮೀಟಿಂಗ್ ಮುಗಿಯುತ್ತೆ, ಅಷ್ಟರೊಳಗೆ ಆಗುತ್ತಲ್ವಾ?" ಅಂದರು. ಅಪ್‌ಗ್ರೇಡ್ ಪೂರ್ತಿ ಆಗಲ್ಲ ಮೇಡಂ, ಊಟ ಆದ್ಮೇಲೆ ಸಿಗುತ್ತೆ ಅಂದೆ. "ಬ್ಯಾಕಪ್ ಇದೆ ತಾನೆ?" ಅಂತಲೂ ಕೇಳಿದೆ. "ಎಲ್ಲಾ ಒನ್‌ಡ್ರೈವ್‌ನಲ್ಲೇ ಇದೆಯಪ್ಪಾ" ಅಂದರು. ಟಿಕ್.

ಈಗ ನನ್ನ ಜಾಣತನ ನೋಡಿ. ಇಲ್ಲಿಯವರೆಗೆ ಅಷ್ಟೂ ಲ್ಯಾಪ್‌ಟಾಪ್‌ಗೆ ಬಯೋಸ್ ಅಪ್‌ಡೇಟ್ ಮಾಡಿದ್ದು ವಿಂಡೋಸ್ ಒಳಗಿಂದ, ಲ್ಯಾಪ್‌ಟಾಪ್ ಕಂಪನಿಯವರದ್ದೇ ಟೂಲ್‌ನಲ್ಲಿ. ಅದಕ್ಕೆ ಅಡ್ಮಿನ್ ಆಗಿ ಲಾಗಿನ್ ಆಗಬೇಕು, ಹೊಸ ಪ್ರೊಫೈಲ್ ರೆಡಿಯಾಗೋ ತನಕ "ಹಾಯ್" ಅನ್ನೋ ಸ್ಕ್ರೀನ್ ನೋಡಿಕೊಂಡು ಕೂರಬೇಕು. ಐದು ನಿಮಿಷ ಅಷ್ಟೇ, ಆದರೆ ದಿನಾ ನೋಡಿ ಬೇಜಾರಾಗಿತ್ತು. ನನ್ನ ಡ್ರಾಯರ್‌ನಲ್ಲಿ ಬಯೋಸ್ ಫೈಲ್ ಇದ್ದ ಪೆನ್‌ಡ್ರೈವ್ ಇತ್ತು. ಹೇಗೂ ಶಟ್‌ಡೌನ್ ಆಗಿದೆ, ಬೂಟ್ ಮೆನುವಿನಿಂದಲೇ ಹೊಡೆದುಬಿಡೋಣ ಅಂದುಕೊಂಡೆ. ಹೊಡೆದೆ. ನೀಟಾಗಿ ನೂರು ಪರ್ಸೆಂಟ್ ಆಯ್ತು. ಹೇಗೂ ಬಯೋಸ್‌ನಲ್ಲೇ ಇದ್ದೀನಲ್ಲ ಅಂತ ನೋಡಿದರೆ ಸೆಕ್ಯೂರ್ ಬೂಟ್ (ನಂಬಿಕಸ್ಥ ಸಾಫ್ಟ್‌ವೇರ್‌ನಿಂದ ಮಾತ್ರ ಮಷಿನ್ ಶುರುವಾಗೋ ಹಾಗೆ ಕಾಯೋ ಸೆಟ್ಟಿಂಗ್) ಆಫ್ ಇತ್ತು. ಅದನ್ನೂ ಆನ್ ಮಾಡಿ ಸೇವ್ ಕೊಟ್ಟು ಟೀ ತರಲು ಎದ್ದೆ.

ವಾಪಸ್ ಬಂದರೆ ನೀಲಿ ಸ್ಕ್ರೀನ್. ಕ್ರ್ಯಾಶ್ ಆದಾಗ ಬರೋ ನೀಲಿ ಅಲ್ಲ. ಶಾಂತವಾಗಿ, ಮರ್ಯಾದೆಯಿಂದ ಕೇಳೋ ನೀಲಿ. ಬಿಟ್‌ಲಾಕರ್ ರಿಕವರಿ, ಈ ಡ್ರೈವ್‌ನ ಕೀ ಕೊಡಿ. ಬಿಟ್‌ಲಾಕರ್ ಅಂದ್ರೆ ಡಿಸ್ಕ್‌ನಲ್ಲಿರೋದನ್ನೆಲ್ಲ ಎನ್‌ಕ್ರಿಪ್ಟ್ ಮಾಡಿ ಬೀಗ ಹಾಕೋ ವಿಂಡೋಸ್‌ನದ್ದೇ ವ್ಯವಸ್ಥೆ.

ನಾನು ಗಾಬರಿಯಾಗಲಿಲ್ಲ. ಇದು ಎಲ್ಲರಿಗೂ ಆಗೋದೇ, ಕೀ ನಮ್ಮ ಅಸೆಟ್ ಶೀಟ್‌ನಲ್ಲಿ ಇದೆ ಅನ್ನೋ ಧೈರ್ಯ. ಶೀಟ್ ತೆಗೆದೆ, ಸೀರಿಯಲ್ ನಂಬರ್ ಹುಡುಕಿದೆ, 48 ಅಂಕಿಯ ಕೀ ಇತ್ತು. ಟೈಪ್ ಮಾಡಿದೆ. ತಪ್ಪು ಅಂತು. ನಿಧಾನಕ್ಕೆ ಇನ್ನೊಮ್ಮೆ ಹೊಡೆದೆ. ಮತ್ತೆ ತಪ್ಪು. ಆಗ ಸ್ಕ್ರೀನ್ ಮೇಲಿನ ಕೀ ಐಡಿ ಕಡೆ ಕಣ್ಣು ಹೋಯ್ತು. ಅದು 7ರಿಂದ ಶುರುವಾಗಿತ್ತು. ಶೀಟ್‌ನಲ್ಲಿದ್ದ ಐಡಿ 2ರಿಂದ. ಅಂದ್ರೆ ಇದು ಈ ಡ್ರೈವ್‌ನ ಕೀಯೇ ಅಲ್ಲ.

ಆಮೇಲೆ ನೆನಪಾಯ್ತು. ಹಿಂದಿನ ವರ್ಷ ಈ ಲ್ಯಾಪ್‌ಟಾಪ್‌ನ ಎಸ್‌ಎಸ್‌ಡಿ ಬದಲಾಯಿಸಿದ್ದೆವು. ಹೊಸ ಡಿಸ್ಕ್, ಹೊಸ ಎನ್‌ಕ್ರಿಪ್ಷನ್, ಹೊಸ ಕೀ. ಶೀಟ್‌ನಲ್ಲಿ ಹಳೆಯದನ್ನು ಯಾರೂ ಮುಟ್ಟಿರಲಿಲ್ಲ. ಸರಿ, ಶೀಟ್ ಹಾಳಾಗಿ ಹೋಗಲಿ, ಎಡಿಯಲ್ಲಿ (ಆಕ್ಟಿವ್ ಡೈರೆಕ್ಟರಿ, ಆಫೀಸಿನ ಡೊಮೇನ್‌ಗೆ ಸೇರಿದ ಕಂಪ್ಯೂಟರ್‌ಗಳ ದಾಖಲೆ ಇರೋ ಜಾಗ) ಇರುತ್ತಲ್ಲ ಅಂತ ಈ ಲ್ಯಾಪ್‌ಟಾಪ್‌ನ ದಾಖಲೆ, ಅಂದ್ರೆ ಕಂಪ್ಯೂಟರ್ ಆಬ್ಜೆಕ್ಟ್ ತೆಗೆದೆ, ಬಿಟ್‌ಲಾಕರ್ ರಿಕವರಿ ಟ್ಯಾಬ್ ಒತ್ತಿದೆ. ಖಾಲಿ. ಒಂದು ಸಾಲೂ ಇಲ್ಲ. ರಿಫ್ರೆಶ್ ಮಾಡಿದೆ, ಎಡಿಯ ಬೇರೆ ಸರ್ವರ್‌ಗೆ ಕನೆಕ್ಟ್ ಆಗಿ ನೋಡಿದೆ, ಖಾಲಿ ಅಂದ್ರೆ ಖಾಲಿ.

ಆಗ ಹೊಟ್ಟೆಯಲ್ಲಿ ಏನೋ ಕಲಸಿದ ಹಾಗಾಯ್ತು. ಗಂಟೆ ಹನ್ನೊಂದೂ ಹತ್ತು.

ಸೆಕ್ಯೂರ್ ಬೂಟ್ ವಾಪಸ್ ಆಫ್ ಮಾಡಿದೆ. ಅದೇ ಸ್ಕ್ರೀನ್. ಹಳೆ ಬಯೋಸ್ ವರ್ಷನ್ ಹಾಕೋಣ ಅಂದ್ರೆ, ಹಿಂದಕ್ಕೆ ಹೋಗಲು ಬಿಡಲ್ಲ ಅಂತ ಅದು ಮುಖಕ್ಕೆ ಹೊಡೆದ ಹಾಗೆ ಹೇಳಿತು. ಎಸ್‌ಎಸ್‌ಡಿ ಬದಲಾಯಿಸಿದ್ದ ಹುಡುಗನಿಗೆ ಫೋನ್ ಮಾಡಿದೆ, ಅವನು ಕೆಲಸ ಬಿಟ್ಟು ಆರು ತಿಂಗಳು. ಪಾಪ ಫೋನ್ ಎತ್ತಿದ. "ಮಗಾ, ಕೀ ಎಲ್ಲಿ ಸೇವ್ ಮಾಡಿದ್ದೆ?" ಅಂದರೆ "ಯಾವ ಲ್ಯಾಪ್‌ಟಾಪ್?" ಅಂದ.

ಹನ್ನೊಂದೂವರೆಗೆ ಮ್ಯಾನೇಜರ್ ಚಾಟ್‌ನಲ್ಲಿ ಬಂದರು. "ಇವತ್ತು ಎಷ್ಟು ಗ್ರೀನ್?" ನಾನು "ಇನ್ ಪ್ರೋಗ್ರೆಸ್ ಸರ್" ಅಂತ ಹಾಕಿದೆ. ಸುಳ್ಳಂತೂ ಅಲ್ಲ.

ಆಗಲೂ ನಾನು ಒಂದು ವಿಷಯದಲ್ಲಿ ನಿರಾಳವಾಗಿದ್ದೆ. ಕೀ ಸಿಗದಿದ್ದರೆ ಫಾರ್ಮ್ಯಾಟ್ ಮಾಡೋದು, ವಿಂಡೋಸ್ 11 ಕ್ಲೀನ್ ಹಾಕೋದು, ಒನ್‌ಡ್ರೈವ್ ಸಿಂಕ್ ಮಾಡೋದು, ಬೈಸಿಕೊಳ್ಳೋದು. ಅಷ್ಟೇ ತಾನೆ? ಹನ್ನೆರಡಕ್ಕೆ ಐದು ನಿಮಿಷ ಇರುವಾಗ ಮೇಡಂ ಬಂದರು. ನಿಜ ಹೇಳಿದೆ, ಅರ್ಧ. "ಸ್ವಲ್ಪ ತೊಂದರೆ ಆಗಿದೆ ಮೇಡಂ. ನಿಮ್ಮ ಫೈಲ್ ಎಲ್ಲಾ ಒನ್‌ಡ್ರೈವ್‌ನಲ್ಲಿ ಇದೆ ಅಂದ್ರಲ್ಲ?"

"ಹೂಂ, ಡೆಸ್ಕ್‌ಟಾಪ್‌ನಲ್ಲಿ ಇರೋದೆಲ್ಲ ಇದೆ. ಸಂಬಳದ ಮ್ಯಾಕ್ರೋ ಶೀಟ್ ಮಾತ್ರ ಸಿ ಡ್ರೈವ್‌ನಲ್ಲಿದೆ. ಅದು ಬೇರೆ ಕಡೆ ಇಟ್ರೆ ಓಡಲ್ಲ, ನೀವೇ ಅಲ್ವಾ ಹಂಗೆ ಮಾಡಿಕೊಟ್ಟಿದ್ದು?"

ನಾವೇ. ನಮ್ಮಲ್ಲಿ ಒನ್‌ಡ್ರೈವ್ ಎತ್ತಿಕೊಳ್ಳೋದು ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಮೂರನ್ನೇ. ಸಿ ಡ್ರೈವ್‌ನ ಬುಡದಲ್ಲಿ ಇರೋ ಫೋಲ್ಡರ್ ಅದರ ಕಣ್ಣಿಗೇ ಬೀಳಲ್ಲ. ತಿಂಗಳ ಕೊನೆ ಹತ್ತಿರ ಇತ್ತು. ಅವರು ಕೇಳಿದ್ದು ಒಂದೇ ಮಾತು, "ಅದು ಇದೆ ತಾನೆ?" ನಾನು ಸ್ಕ್ರೀನನ್ನು ಸ್ವಲ್ಪ ಆ ಕಡೆ ತಿರುಗಿಸಿದೆ. ಯಾಕೆ ತಿರುಗಿಸಿದೆನೋ ಗೊತ್ತಿಲ್ಲ. ಅವರಿಗೆ ಬಿಟ್‌ಲಾಕರ್ ಅಂದ್ರೇನು ಅಂತ ಗೊತ್ತಿರಲಿಲ್ಲ, ಆದ್ರೆ ನನ್ನ ಮುಖ ಓದೋಕೆ ಗೊತ್ತಿತ್ತು. "ನಾನು ಊಟ ಮಾಡ್ಕೊಂಡು ಬರ್ತೀನಿ" ಅಂತ ಹೇಳಿ ಹೋದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಹಿಂದಿನ ಸೀಟಿನಲ್ಲಿ ಸರ್ವರ್ ಟೀಮ್‌ನ ಸೀನಿಯರ್ ಒಬ್ಬರು ಕೂರುತ್ತಾರೆ. ಜಾಸ್ತಿ ಮಾತಿಲ್ಲ. ನನ್ನ ಮಾನಿಟರ್ ಕಡೆ ಒಂದು ಸಲ ನೋಡಿ, "ಎಲ್ಲಿ ಹುಡುಕ್ತಾ ಇದೀಯಾ?" ಅಂದರು.

"ಆಬ್ಜೆಕ್ಟ್‌ನಲ್ಲಿ ಸರ್. ಕೀ ಇಲ್ಲ."

"ಆ ಆಬ್ಜೆಕ್ಟ್‌ನಲ್ಲಿ ಇಲ್ಲ. ಡೊಮೇನ್ ಮೇಲೆ ರೈಟ್ ಕ್ಲಿಕ್ ಮಾಡು. ಫೈಂಡ್ ಬಿಟ್‌ಲಾಕರ್ ರಿಕವರಿ ಪಾಸ್‌ವರ್ಡ್ ಅಂತಿದೆ ನೋಡು. ಐಡಿಯ ಮೊದಲ ಎಂಟು ಅಕ್ಷರ ಕೊಡು."

ಎಷ್ಟು ವರ್ಷದಿಂದ ಆ ಮೆನು ನನ್ನ ಕಣ್ಣ ಮುಂದೆ ಇತ್ತು! ಎಂಟು ಅಕ್ಷರ ಹಾಕಿ ಸರ್ಚ್ ಒತ್ತಿದೆ. ಒಂದು ಸಾಲು ಬಂತು. ಕಂಪ್ಯೂಟರ್ ಹೆಸರು ಬೇರೆ. ಎಸ್‌ಎಸ್‌ಡಿ ಹಾಕಿದಾಗ ಹಳೆ ಪದ್ಧತಿಯ ಹೆಸರಿನಲ್ಲಿ ಡೊಮೇನ್‌ಗೆ ಸೇರಿಸಿ ಎನ್‌ಕ್ರಿಪ್ಟ್ ಮಾಡಿದ್ದಾರೆ, ಆಮೇಲೆ ತೆಗೆದು ಹೊಸ ಹೆಸರಿನಲ್ಲಿ ಮತ್ತೆ ಸೇರಿಸಿದ್ದಾರೆ. ಕೀ ಹಳೆ ಆಬ್ಜೆಕ್ಟ್‌ನ ಹೊಟ್ಟೆಯಲ್ಲೇ ಉಳಿದಿದೆ.

48 ಅಂಕಿ, ಆರಾರರ ಎಂಟು ಗುಂಪು. ಸೀನಿಯರ್ ಓದಿದರು, ನಾನು ಒತ್ತಿದೆ. ಮೂರನೇ ಗುಂಪಿನಲ್ಲಿ ಬೆರಳು ನಡುಗಿ ಒಂದು ಅಂಕಿ ತಪ್ಪಾಯ್ತು, ಒಪ್ಪಲಿಲ್ಲ. "ಪ್ರತಿ ಗುಂಪೂ 11ರಿಂದ ಭಾಗ ಆಗಬೇಕು, ಅದಕ್ಕೇ ಅದಕ್ಕೆ ತಪ್ಪು ಗೊತ್ತಾಗೋದು" ಅಂದರು, ಪಾಠ ಮಾಡೋ ಹೊತ್ತೇ ಅದು ಅನ್ನೋ ಹಾಗೆ. ತಿದ್ದಿದೆ. ಎಂಟನೇ ಗುಂಪು ಮುಗಿಸಿ ಎಂಟರ್ ಒತ್ತಿದ ಮೇಲೆ ಆ ಚುಕ್ಕಿಗಳು ಗಿರಗಿರ ಸುತ್ತೋಕೆ ಶುರುವಾದವಲ್ಲ, ಜೀವ ಬಂತು.

ಅಡ್ಮಿನ್ ಆಗಿ ಲಾಗಿನ್ ಆದೆ. ಆ "ಹಾಯ್" ಸ್ಕ್ರೀನನ್ನು ಈ ಸಲ ಪ್ರೀತಿಯಿಂದ ನೋಡಿದೆ. ಮೊದಲ ಕೆಲಸ, ಸಿ ಡ್ರೈವ್‌ನ ಆ ಫೋಲ್ಡರ್ ನೆಟ್‌ವರ್ಕ್ ಷೇರ್‌ಗೆ ಕಾಪಿ. ಎಲ್ಲಾ ಸೇರಿ 40 ಎಂಬಿ ಕೂಡ ಇರಲಿಲ್ಲ. ಎರಡನೆಯದು, ಬಿಟ್‌ಲಾಕರ್ ಸಸ್ಪೆಂಡ್, ಅಂದ್ರೆ ಅದರ ಬೀಗವನ್ನು ತಾತ್ಕಾಲಿಕವಾಗಿ ತೆಗೆದಿಡೋದು.

ಇಷ್ಟೆಲ್ಲ ಆದ ಮೇಲೆ ಕೂತು ಓದಿದಾಗ ಗೊತ್ತಾದದ್ದು: ವಿಂಡೋಸ್ ಒಳಗೆ ಓಡಿಸುತ್ತಿದ್ದ ಆ ಬಯೋಸ್ ಟೂಲ್ ಪ್ರತಿ ಸಲವೂ ತಾನೇ ಬಿಟ್‌ಲಾಕರ್ ಸಸ್ಪೆಂಡ್ ಮಾಡುತ್ತಿತ್ತು. ವಿಂಡೋಸ್ ಅಪ್‌ಗ್ರೇಡ್ ಕೂಡ ಅಷ್ಟೇ, ತಾನೇ ಸಸ್ಪೆಂಡ್ ಮಾಡಿಕೊಳ್ಳುತ್ತದೆ. ಅಂದ್ರೆ ಅಷ್ಟು ಲ್ಯಾಪ್‌ಟಾಪ್‌ಗಳಲ್ಲಿ ನನ್ನನ್ನು ಆ ಟೂಲ್ ಸುಮ್ನೆ ಕಾಪಾಡುತ್ತಾ ಬಂದಿತ್ತು, ನಾನು ನನ್ನ ಕೈಗುಣ ಅಂದುಕೊಂಡಿದ್ದೆ. ಪೆನ್‌ಡ್ರೈವ್‌ಗೆ ಬಿಟ್‌ಲಾಕರ್ ಅಂತ ಒಂದು ಇದೆ ಅನ್ನೋದೇ ಗೊತ್ತಿಲ್ಲ. ಸಾಲದ್ದಕ್ಕೆ, ಸೆಕ್ಯೂರ್ ಬೂಟ್ ಆಫ್ ಇರೋ ಮಷಿನ್‌ನಲ್ಲಿ ಬಿಟ್‌ಲಾಕರ್ ಬಯೋಸ್‌ನ ಕೋಡನ್ನೂ ಅಳೆದು ಅದಕ್ಕೇ ಬೀಗ ಕಟ್ಟಿರುತ್ತದೆ. ಬಯೋಸ್ ಬದಲಾದರೆ ಬೀಗ ತೆಗೆಯಲ್ಲ. ನಾನು ಬಯೋಸ್, ಸೆಕ್ಯೂರ್ ಬೂಟ್ ಎರಡನ್ನೂ ಒಂದೇ ಸಲ ಬದಲಾಯಿಸಿದ್ದೆ. ಅಪ್‌ಗ್ರೇಡ್ ಕೆಟ್ಟರೆ 10 ದಿನದೊಳಗೆ ಹಿಂದಕ್ಕೆ ಹೋಗಬಹುದು ಅಂತ ಎಲ್ಲರಿಗೂ ಧೈರ್ಯ ಹೇಳುತ್ತಿದ್ದೆ, ಆ ಸೌಲಭ್ಯ ಅಪ್‌ಗ್ರೇಡ್ ಆದ ಮೇಲಿನ ಮಾತು.

ಈಗ ನಾನು ಮಾಡೋದು ಇಷ್ಟು. ಲಾಗಿನ್ ಆಗಿ, ಡ್ರೈವ್‌ನ ಈಗಿನ ಕೀ ಐಡಿ ನೋಡಿ, ಎಡಿಯಲ್ಲಿ ಅದೇ ಐಡಿ ಹುಡುಕಿ, ಕಣ್ಣಾರೆ ಸಿಕ್ಕಿದ ಮೇಲೇ ಬಯೋಸ್ ಮುಟ್ಟೋದು. ಕೈಯಾರೆ ಸಸ್ಪೆಂಡ್. ವಿಂಡೋಸ್ ಒಂದು ಸಲ ಬೂಟ್ ಆದರೆ ಆ ಸಸ್ಪೆಂಡ್ ಹೋಗಿರಬಹುದು, ಹಾಗಾಗಿ ಮಧ್ಯೆ ರೀಸ್ಟಾರ್ಟ್ ಆದರೆ ಇನ್ನೊಮ್ಮೆ ನೋಡುವುದು. ಬ್ಯಾಕಪ್ ಇದೆಯಾ ಅಂತ ಕೇಳಲ್ಲ. ಸಿ ಡ್ರೈವ್ ತೆರೆದು, "ಇದು ಯಾರದ್ದು, ಇದು ಬೇಕಾ" ಅಂತ ಪಕ್ಕದಲ್ಲೇ ಕೂರಿಸಿಕೊಂಡು ಕೇಳುತ್ತೇನೆ. ಪ್ರತಿ ಸಲವೂ ಏನಾದರೂ ಒಂದು ಸಿಗುತ್ತದೆ.

ಹಾಂ, ಒಂದು ವಿಷಯ ಸೀನಿಯರ್‌ಗೂ ಹೇಳಿಲ್ಲ. ಕೀ ಸಿಕ್ಕಿದ ಆ ಹಳೆ ಆಬ್ಜೆಕ್ಟ್ ಇತ್ತಲ್ಲ, ಅಂಥ ಬಳಕೆಯಲ್ಲಿಲ್ಲದ ಆಬ್ಜೆಕ್ಟ್‌ಗಳನ್ನೆಲ್ಲ ಅಳಿಸಿ ಅಂತ ಆಗಸ್ಟ್‌ನಲ್ಲಿ ಟಿಕೆಟ್ ಹಾಕಿದ್ದವನು ನಾನೇ. ಆಬ್ಜೆಕ್ಟ್ ಅಳಿಸಿದರೆ ಅದರೊಳಗಿನ ಕೀಗಳೂ ಹೋಗುತ್ತವೆ. ಆ ಟಿಕೆಟ್ ಆರು ವಾರದಿಂದ ಮ್ಯಾನೇಜರ್ ಅಪ್ರೂವಲ್‌ನಲ್ಲಿ ಕೊಳೆಯುತ್ತಿತ್ತು. ಎರಡು ಸಲ ರಿಮೈಂಡರ್ ಹಾಕಿದ್ದೆ. ಒಂದರಲ್ಲಿ ಸ್ವಲ್ಪ ಖಾರವಾಗಿಯೇ ಬರೆದಿದ್ದೆ.

ಮೇಡಂಗೆ ಸಂಜೆ ನಾಲ್ಕಕ್ಕೆ ಲ್ಯಾಪ್‌ಟಾಪ್ ಸಿಕ್ಕಿತು. ಮ್ಯಾಕ್ರೋ ಓಡಿತು. ಐದರ ಕಾಲ್‌ನಲ್ಲಿ ತಡ ಯಾಕೆ ಅಂತ ಕೇಳಿದಾಗ ನಡೆದದ್ದನ್ನು ಹೇಳಿದೆ, ಟಿಕೆಟ್ ವಿಷಯ ಬಿಟ್ಟು. ಮ್ಯಾನೇಜರ್ ಗಂಭೀರವಾಗಿ ಕೇಳಿಸಿಕೊಂಡು ಟ್ರ್ಯಾಕರ್‌ಗೆ ಹೊಸ ಕಾಲಂ ಸೇರಿಸಿದರು: "ಬಿಟ್‌ಲಾಕರ್ ಕೀ ಇದೆಯಾ? ಹೌದು/ಇಲ್ಲ". ಕಾಲ್ ಮುಗಿದು ಹತ್ತು ನಿಮಿಷಕ್ಕೆ ನೋಡಿದರೆ ಉಳಿದ ಅಷ್ಟೂ ಲ್ಯಾಪ್‌ಟಾಪ್‌ಗಳ ಮುಂದೆ ಯಾರೋ "ಹೌದು" ಅಂತ ಎಳೆದುಬಿಟ್ಟಿದ್ದರು, ಮೇಲಿಂದ ಕೆಳಗಿನ ತನಕ.