ಪದ್ಮಿನಿಯ ರೇಡಿಯೋಗೆ ಮೈಸೂರು ಸಿಕ್ಕಿದ್ದು

ಅಪ್ಪನ ಪ್ರೀಮಿಯರ್ ಪದ್ಮಿನಿಯಲ್ಲಿದ್ದ ರೇಡಿಯೋ ಮೀಡಿಯಂ ವೇವ್ ಮಾತ್ರ ಹಿಡಿಯುವ ಕಾಲದ್ದು. ಎರಡು ನಾಬ್, ಐದು ಗುಂಡಿ, ನಡುವೆ ಗಾಜಿನ ಪಟ್ಟಿ, ಅದರ ಹಿಂದೆ ಓಡಾಡುವ ಕೆಂಪು ಮುಳ್ಳು. ಎಷ್ಟೋ ವರ್ಷದಿಂದ ಅದು ಸದ್ದೇ ಮಾಡಿರಲಿಲ್ಲ. ಕಾರನ್ನು ಮತ್ತೆ ಓಡುವ ಹಾಗೆ ಮಾಡಿಸಿದ ಮೇಲೆ ಬಂದವರೆಲ್ಲ ಒಂದೇ ಮಾತು ಹೇಳಿದರು. ಡ್ಯಾಶ್‌ಬೋರ್ಡ್ ಸ್ವಲ್ಪ ಕೊಯ್ದು ಹೊಸ ಸ್ಟೀರಿಯೋ ಹಾಕಿಸಿಬಿಡಿ. ನನಗೆ ಅದು ಸುತರಾಂ ಒಪ್ಪಿಗೆಯಾಗಲಿಲ್ಲ. ಒಂದು ಸಲ ಕೊಯ್ದ ತಗಡು ಮತ್ತೆ ಮೊದಲಿನ ಹಾಗೆ ಆಗುವುದಿಲ್ಲ, ಅಲ್ವಾ?

ಬೆಂಗಳೂರಿನ ಎಸ್‌ಪಿ ರಸ್ತೆ ಹತ್ತಿರ ಹಳೆಯ ರೇಡಿಯೋ ರಿಪೇರಿ ಮಾಡುವವರೊಬ್ಬರು ಈ ಕೆಲಸ ಒಪ್ಪಿಕೊಂಡರು. ಮುಖ ಹಾಗೇ ಉಳಿಸಿ, ಒಳಗೆ ಹೊಸ ಬೋರ್ಡ್ ಕೂರಿಸಿದರು. ತೆಗೆದ ಭಾಗಗಳನ್ನೆಲ್ಲ ಒಂದು ಡಬ್ಬಕ್ಕೆ ಹಾಕಿ ನಮ್ಮ ಕೈಗೇ ಕೊಟ್ಟರು. ಅದರಲ್ಲಿ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ಗುರುತಿನ ಜರ್ಮೇನಿಯಂ ಟ್ರಾನ್ಸಿಸ್ಟರ್‌ಗಳಿದ್ದವು. ಬೆಂಗಳೂರಿನ ಆ ಕಾರ್ಖಾನೆ 1962ರಲ್ಲೇ ಅವನ್ನು ಮಾಡಲು ಶುರು ಮಾಡಿತ್ತು. ಆ ಡಬ್ಬ ಈಗಲೂ ನಮ್ಮ ಬೀರುವಿನಲ್ಲಿದೆ. ಯಾರಿಗಾದರೂ ಮುಂದೆ ಮೊದಲಿನ ರೇಡಿಯೋನೇ ಬೇಕು ಅನ್ನಿಸಿದರೆ ದಾರಿ ಮುಚ್ಚಿಲ್ಲ.

ಅವರು ಮಾಡಿದ ಕೆಲಸದಲ್ಲಿ ನನಗೆ ತುಂಬ ಹಿಡಿಸಿದ್ದು ಟ್ಯೂನಿಂಗ್. ಮನೆಯ ರೇಡಿಯೋದಲ್ಲಿ ನಾಬ್ ತಿರುಗಿಸಿದರೆ ಕಂಡೆನ್ಸರ್‌ನ ತಗಡುಗಳು ತಿರುಗುತ್ತವೆ. ಹಳೆಯ ಕಾರ್ ರೇಡಿಯೋದಲ್ಲಿ ಹಾಗಲ್ಲ. ಕುಲುಕಾಟಕ್ಕೆ ಆ ತಗಡು ಅಲುಗಿ ಸ್ಟೇಷನ್ ಜಾರುತ್ತದೆ ಎಂದು, ಸುರುಳಿಗಳ ಒಳಗೆ ಫೆರೈಟ್ ಕಡ್ಡಿಗಳು ಹೋಗಿ ಬರುವ ವ್ಯವಸ್ಥೆ ಮಾಡಿರುತ್ತಾರೆ. ಆ ಕಡ್ಡಿಗಳನ್ನು ಎಳೆಯುವ ಗಾಡಿಯನ್ನು ಇವರು ಹಾಗೇ ಬಿಟ್ಟು, ಅದಕ್ಕೆ ಒಂದು ಸಣ್ಣ ಪೊಟೆನ್ಶಿಯೋಮೀಟರ್ ಜೋಡಿಸಿದರು. ಮುಳ್ಳು ಎಲ್ಲಿದೆಯೋ ಅದಕ್ಕೆ ತಕ್ಕ ವೋಲ್ಟೇಜ್ ಬರುತ್ತದೆ. ಅದನ್ನು ಓದಿ ಯಾವ ಸ್ಟೇಷನ್ ಎಂದು ಚಿಪ್ ನಿರ್ಧರಿಸುತ್ತದೆ. ಹಾಗಾಗಿ ನಾಬ್, ಮುಳ್ಳು, ಗುಂಡಿ ಎಲ್ಲ ಮೊದಲಿನಂತೆಯೇ. ಸ್ವಿಚ್ ಆರಿಸಿ ತಕ್ಷಣ ಹಾಕಿದರೆ ಎಎಂ, ಅಂದರೆ ಆ ಮೀಡಿಯಂ ವೇವ್, ಹೋಗಿ ಎಫ್ಎಂ ಬರುತ್ತದೆ, ಇನ್ನೊಮ್ಮೆ ಮಾಡಿದರೆ ಬ್ಲೂಟೂತ್. ಸ್ಪೀಕರ್‌ಗೂ ಹೊಸದಾಗಿ ಎರಡು ತಂತಿ ಎಳೆದರು. ಮೊದಲು ಒಂದೇ ತಂತಿ ಇತ್ತು, ಇನ್ನೊಂದು ತುದಿಯನ್ನು ಕಾರಿನ ಲೋಹದ ಮೈಗೇ ಜೋಡಿಸಿತ್ತು. ಹೊಸ ಆಂಪ್ಲಿಫೈಯರ್ ಚಿಪ್‌ನ ಎರಡೂ ತುದಿಗಳಲ್ಲಿ ಸಿಗ್ನಲ್ ಇರುವುದರಿಂದ ಯಾವುದೂ ಆ ಮೈಗೆ ತಾಗಬಾರದು.

ಅಪ್ಪನಿಗೆ ಒಂದೇ ಆಸೆ. ಈ ಕಾರಿನಲ್ಲಿ ಮೈಸೂರಿಗೆ ಹೋಗಿ, ಈ ರೇಡಿಯೋದಲ್ಲಿ ಮೈಸೂರು ಆಕಾಶವಾಣಿ ಕೇಳಬೇಕು. ಅವರು ಬೆಳೆದದ್ದು ಅಲ್ಲಿ. ಮನಶ್ಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಲ್ಲೇ ಟ್ರಾನ್ಸ್‌ಮಿಟರ್ ಇಟ್ಟು ಶುರು ಮಾಡಿದ ನಿಲಯ ಅದು. ಆ ಕಥೆಯನ್ನು ಅಪ್ಪ ಎಷ್ಟು ಸಲ ಹೇಳಿದರೂ ನನಗೆ ಬೇಜಾರಾಗುವುದಿಲ್ಲ. ಮನೆಯಲ್ಲಿ ಕೂತ ಒಬ್ಬ ಮೇಷ್ಟ್ರು ಊರಿಗೆಲ್ಲ ಸಂಗೀತ ಕೇಳಿಸಿದ್ದು ಸಣ್ಣ ಮಾತಲ್ಲ.

ಒಂದು ಭಾನುವಾರ ಬೆಳಿಗ್ಗೆ ಹೊರಟೆವು. ಎಕ್ಸ್‌ಪ್ರೆಸ್‌ವೇ ಬಿಟ್ಟು ಪಕ್ಕದ ಸರ್ವಿಸ್ ರಸ್ತೆಯಲ್ಲಿ ನಿಧಾನವಾಗಿ. ಬೆಂಗಳೂರು ದಾಟುವ ತನಕ 101.3ರ ಎಫ್ಎಂ ರೇನ್‌ಬೋ, 102.9ರ ವಿವಿಧ ಭಾರತಿ ಎರಡೂ ಚೆನ್ನಾಗಿಯೇ ಬಂದವು. ಬಿಡದಿ ಹತ್ತಿರ ಹಂಪ್ ಹಾರಿದಾಗ ಹಾಡು ನಿಂತು ಬ್ಲೂಟೂತ್‌ಗೆ ಹೋಯಿತು. ಇನ್ನೊಂದು ಹಂಪ್‌ಗೆ ಎಎಂನ ಗೊರಗೊರ ಶುರುವಾಯಿತು. "ಏನಮ್ಮ ಇದು, ಹಂಪ್ ಎಣಿಸ್ತಾ ಇದೆಯಾ?" ಎಂದರು ಅಪ್ಪ. ಗಮನಿಸಿದೆ. ರಾಮನಗರದಲ್ಲಿ ಕಾರು ನಿಲ್ಲಿಸಿ ಮತ್ತೆ ಸೆಲ್ಫ್ ಹೊಡೆದಾಗಲೂ ಹಾಗೇ ಆಯಿತು. ಅಂದರೆ ಕರೆಂಟ್ ಒಂದು ಕ್ಷಣ ಕಡಿದುಹೋಗುತ್ತಿದೆ. ಸ್ವಿಚ್ ಆರಿಸಿ ಹಾಕಿದರು ಎಂದು ಬೋರ್ಡ್ ತಿಳಿದುಕೊಳ್ಳುತ್ತಿದೆ. ಹಳೆಯ ಟ್ರಾನ್ಸಿಸ್ಟರ್ ಸೆಟ್ ಆಗಿದ್ದರೆ ಒಂದು ಕರಕ್ ಸದ್ದಿನಲ್ಲಿ ಮುಗಿಯುತ್ತಿತ್ತು. ಒಳಗೆ ಪ್ರೊಸೆಸರ್ ಇದ್ದರೆ ಅದು ಮೊದಲಿಂದ ಎದ್ದು ಕೂರುತ್ತದೆ.

ಮದ್ದೂರಿನಲ್ಲಿ ವಡೆ ತಿನ್ನಲು ನಿಲ್ಲಿಸಿದಾಗ ಡ್ಯಾಶ್‌ಬೋರ್ಡ್ ಕೆಳಗೆ ಟಾರ್ಚ್ ಹಿಡಿದು ನೋಡಿದೆ. ತಂತಿಯ ನಡುವೆ ಇರುವ ಫ್ಯೂಸ್ ಹೋಲ್ಡರ್‌ನ ಸ್ಪ್ರಿಂಗ್ ಕುಗ್ಗಿ ಹೋಗಿತ್ತು. ಫ್ಯೂಸ್ ಒಳಗೆ ಸಡಿಲವಾಗಿ ಅಲ್ಲಾಡುತ್ತಿತ್ತು. ಸ್ಪ್ರಿಂಗನ್ನು ಸ್ವಲ್ಪ ಎಳೆದು ಉದ್ದ ಮಾಡಿ, ಫ್ಯೂಸಿನ ತುದಿಗಳನ್ನು ಉಜ್ಜಿ ಹಾಕಿದೆ. ಆಮೇಲೆ ಹಂಪ್‌ಗಳ ಕಾಟ ತಪ್ಪಿತು. ಸೆಲ್ಫ್ ಹೊಡೆಯುವಾಗಿನದು ಬೇರೆ ವಿಷಯ. ಸ್ಟಾರ್ಟರ್ ತಿರುಗುವಾಗ ಬ್ಯಾಟರಿ ವೋಲ್ಟೇಜ್ ಇಳಿದೇ ಇಳಿಯುತ್ತದೆ. ಅದಕ್ಕೆ ರೇಡಿಯೋ ಆರಿಸಿ ಸ್ಟಾರ್ಟ್ ಮಾಡುವುದೇ ಒಳ್ಳೆಯದು.

ಆದರೆ ದೊಡ್ಡ ತೊಂದರೆ ಇನ್ನೂ ಇತ್ತು. ಎಎಂನಲ್ಲಿ ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್ ಬರುತ್ತಿತ್ತು, ಸರಿಯಾಗಿ ಅಲ್ಲ. ವಾರ್ತೆ ಓದುವವರು ಮೂಗು ಹಿಡಿದುಕೊಂಡು ಓದಿದ ಹಾಗೆ. ಅಪ್ಪ ನಾಬನ್ನು ಎಷ್ಟೇ ಮೆಲ್ಲಗೆ ತಿರುಗಿಸಿದರೂ ಸರಿಹೋಗಲಿಲ್ಲ. "ಮೊದಲು ಕೂದಲೆಳೆಯಷ್ಟು ತಿರುಗಿಸಿದ್ರೆ ಸಾಕಿತ್ತು ಕಣಮ್ಮ, ಸ್ಟೇಷನ್ ಬಂದು ಕೂತ್ಕೊಳ್ತಿತ್ತು. ಇದು ಹಾರಿ ಹಾರಿ ಹೋಗ್ತಿದೆ," ಎಂದರು. ಇಡೀ ದಿನದಲ್ಲಿ ಅತಿ ಮುಖ್ಯವಾದ ಸುಳಿವು ಅದು. ಅಪ್ಪನ ಬೆರಳಿಗೆ ಅದು ಗೊತ್ತಾಗಿತ್ತು.

ಮೈಸೂರಿಗೆ ಬಂದು 100.6ಕ್ಕೆ ಮುಳ್ಳು ಇಟ್ಟೆವು. ಹಾಡು ಬಂತು. ಆದರೆ ಗಾಯಕಿ ಸ್ವರ ಏರಿಸಿದಾಗೆಲ್ಲ ಒಡೆಯುತ್ತಿತ್ತು. ಯಾದವಗಿರಿಗೆ ಹೋಗಿ ಆಕಾಶವಾಣಿಯ ಎದುರಿನ ರಸ್ತೆಯಲ್ಲೇ ಕಾರು ನಿಲ್ಲಿಸಿದೆವು. ಅಲ್ಲೂ ಅದೇ ಒಡಕು. ಸಿಗ್ನಲ್ ಕಡಿಮೆ ಎನ್ನುವ ಮಾತು ಅಲ್ಲಿಗೆ ಮುಗಿಯಿತು. ಏರಿಯಲ್ಲೂ ಅಲ್ಲ, ಸ್ಪೀಕರೂ ಅಲ್ಲ. ಬೆಂಗಳೂರಿನ ಎಫ್ಎಂ ಇದರಲ್ಲೇ ಅಷ್ಟು ಚೆನ್ನಾಗಿ ಬಂದಿತ್ತಲ್ಲ.

ಅಲ್ಲೇ ಕೂತು ಕೇಳಿದ ಅಂಕಿಗಳನ್ನೆಲ್ಲ ಒಂದು ಚೀಟಿಯಲ್ಲಿ ಬರೆದೆ. ಸರಿ ಬಂದವು 101.3 ಮತ್ತು 102.9. ಕೆಟ್ಟವು 100.6 ಮತ್ತು 612. ಅಮೆರಿಕದಲ್ಲಿ ಎಫ್ಎಂ ಸ್ಟೇಷನ್‌ಗಳೆಲ್ಲ 100.5, 100.7 ಹೀಗೆ ಬೆಸ ಅಂಕಿಯಲ್ಲೇ ಮುಗಿಯುತ್ತವೆ. ಅಲ್ಲಿ ಎಎಂ 10 ಕಿಲೋಹರ್ಟ್ಸ್‌ಗೆ ಒಂದು ಮೆಟ್ಟಿಲು, 610, 620, 630. ನಮ್ಮಲ್ಲಿ 9ಕ್ಕೆ ಒಂದು. 612 ಎಂದರೆ 68 ಒಂಬತ್ತಲೆ. ಬೋರ್ಡ್ ಅಮೆರಿಕದ ಲೆಕ್ಕದಲ್ಲೇ ಕೂತಿತ್ತು! 612ರ ಬದಲು 610ಕ್ಕೆ, 100.6ರ ಬದಲು ಪಕ್ಕದ ಮೆಟ್ಟಿಲಿಗೆ ಹೋಗಿ ನಿಲ್ಲುತ್ತಿತ್ತು. ನಾಬ್ ಎಷ್ಟು ನಯವಾಗಿ ತಿರುಗಿದರೂ ಚಿಪ್ ನಡೆಯುವುದು ಮೆಟ್ಟಿಲ ಮೇಲೇ. ಅಪ್ಪ ಹೇಳಿದ ಹಾರಾಟ ಇದೇ.

ರಿಪೇರಿಯವರಿಗೆ ಫೋನ್ ಮಾಡಿದೆ. ಬೋರ್ಡಿನ ಹಿಂಬದಿಯಲ್ಲಿ ದೇಶ ಬದಲಿಸುವ ಒಂದು ಜಂಪರ್, ಅಂದರೆ ಪಿನ್‌ಗಳನ್ನು ಸೇರಿಸುವ ಸಣ್ಣ ಕೊಂಡಿ, ಇದೆ, ಅದನ್ನು ಪಕ್ಕದ ಪಿನ್‌ಗೆ ಹಾಕಿ ಎಂದರು. ಚಿಕ್ಕಪ್ಪನ ಮನೆಯ ಅಂಗಳದಲ್ಲಿ ರೇಡಿಯೋ ಬಿಚ್ಚಿದೆವು. ಚಿಕ್ಕಪ್ಪ ಸ್ಕ್ರೂಗಳನ್ನು ಬಿಚ್ಚಿದ ಕ್ರಮದಲ್ಲೇ ತಟ್ಟೆಯಲ್ಲಿಟ್ಟುಕೊಂಡರು. ಜಂಪರ್ ಬದಲಿಸಿ ಕೂರಿಸಿ ಹಾಕಿದಾಗ ಬಂತು ನೋಡಿ, ಮೈಸೂರು! ಎಷ್ಟು ನಿಚ್ಚಳ! ಸ್ವರ ಏರಿದರೂ ಒಡೆಯಲಿಲ್ಲ. "ಇದೇ, ಇದೇ," ಎನ್ನುತ್ತಾ ಅಪ್ಪ ವಾಲ್ಯೂಮ್ ಜಾಸ್ತಿ ಮಾಡಿದರು. ಚಿಕ್ಕಮ್ಮ ಅಡುಗೆಮನೆಯಿಂದ ಬಂದು ಬಾಗಿಲಲ್ಲೇ ನಿಂತು ಕೇಳಿದರು. ಎಫ್ಎಂನ ಧ್ವನಿಯೂ ಮೊದಲಿಗಿಂತ ಚುರುಕಾಯಿತು. ಅದಕ್ಕೂ ಕಾರಣವಿದೆ. ಎಫ್ಎಂನಲ್ಲಿ ಹೈ ಸ್ವರಗಳನ್ನು ಎತ್ತಿ ಕಳಿಸುತ್ತಾರೆ, ರೇಡಿಯೋ ಅದನ್ನು ಅಷ್ಟೇ ಇಳಿಸಬೇಕು. ಅಮೆರಿಕದಲ್ಲಿ ಆ ಅಳತೆ 75 ಮೈಕ್ರೋಸೆಕೆಂಡ್, ನಮ್ಮಲ್ಲಿ 50. ಬೋರ್ಡ್ ಇಲ್ಲಿಯ ತನಕ ಜಾಸ್ತಿಯೇ ಇಳಿಸುತ್ತಿತ್ತು.

ಎಎಂ ಇಟ್ಟುಕೊಳ್ಳುವುದೇ ಯಾಕೆ ಎಂದು ಚಿಕ್ಕಪ್ಪ ಕೇಳಿದರು. ನನಗೆ ಅದು ಬೇಕೇ ಬೇಕು. ಬೆಂಗಳೂರಿನ ಎಫ್ಎಂ ರಾಮನಗರ ದಾಟುವಾಗ ಕೈಬಿಡುತ್ತದೆ. 612 ಮೈಸೂರಿನಲ್ಲೂ ಸಿಗುತ್ತದೆ.

ಎಂಜಿನ್ ಓಡುವಾಗ ಎಎಂನಲ್ಲಿ ಬರುವ ಗೊರಗೊರವನ್ನೂ ಅಲ್ಲೇ ನೋಡಿದೆವು. ಏರಿಯಲ್ ಪ್ಲಗ್ ಕಿತ್ತರೆ ಸದ್ದು ಪೂರ್ತಿ ನಿಂತಿತು. ಅಂದರೆ ಗಲಾಟೆ ಬ್ಯಾಟರಿ ತಂತಿಯಿಂದ ಅಲ್ಲ, ಏರಿಯಲ್‌ನಿಂದ ಬರುತ್ತಿದೆ. ಪ್ಲಗ್ ಮತ್ತೆ ಹಾಕಿ ಮೊಬೈಲ್ ಚಾರ್ಜರ್ ಕಿತ್ತೆ. ಮುಕ್ಕಾಲು ಭಾಗ ಹೋಯಿತು. ಉಳಿದದ್ದು ಆಕ್ಸಿಲರೇಟರ್ ಒತ್ತಿದಂತೆ ವೇಗವಾಗುವ ಟಕಟಕ. ಅದು ಸ್ಪಾರ್ಕ್ ಪ್ಲಗ್‌ಗಳದ್ದು. ರೆಸಿಸ್ಟರ್ ಇರುವ ಕ್ಯಾಪ್ ಹಾಕಿಸಬೇಕು, ಇಗ್ನಿಷನ್ ಕಾಯಿಲ್‌ಗೆ ಕರೆಂಟ್ ಬರುವ ಬದಿಯಲ್ಲಿ ಒಂದು ಕಂಡೆನ್ಸರ್ ಕೊಡಿಸಬೇಕು. ಕಾಯಿಲ್‌ನ ಇನ್ನೊಂದು ಬದಿಗೆ, ಕರೆಂಟ್ ಕಡಿದು ಕಿಡಿ ಹುಟ್ಟಿಸುವ ಪಾಯಿಂಟ್ ಕಡೆಗೆ, ಕೊಡಬಾರದು, ಕಿಡಿಯೇ ಸೊರಗುತ್ತದೆ.

ಗಾಜಿನ ಪಟ್ಟಿಯ ಮೇಲೆ ಎಫ್ಎಂ ಅಂಕಿ ಇಲ್ಲ, ಇರುವುದು ಮೀಡಿಯಂ ವೇವ್‌ನ ಹಳೆಯ ಅಂಕಿಗಳೇ. ಅದಕ್ಕೆ ಅಪ್ಪ ಚೀಟಿ ಬರೆದು ಸನ್ ವೈಸರ್‌ಗೆ ಸಿಕ್ಕಿಸಿದ್ದಾರೆ. ಮೈಸೂರಿಗೆ ಮುಳ್ಳು 12ರ ಮೇಲೆ, ವಿವಿಧ ಭಾರತಿಗೆ 12 ದಾಟಿ 14ರ ಕಡೆಗೆ ಅರ್ಧ ದಾರಿ. ಮೊದಲ ಗುಂಡಿಯನ್ನು ಹೊರಗೆಳೆದು ಒತ್ತಿ 612ಕ್ಕೆ ಕೂರಿಸಿದ್ದಾರೆ, ಎರಡನೆಯದನ್ನು ಮೈಸೂರಿಗೆ. ಇನ್ನು ಮೂರು ಗುಂಡಿ ಖಾಲಿ ಇವೆ. ಮೂರನೆಯದು ಧಾರವಾಡಕ್ಕಂತೆ. ಪ್ಲಗ್ ಕ್ಯಾಪ್ ಬದಲಿಸಿದ ಮೇಲೆ ಆ ಕಡೆ ಹೊರಡುವ ಮಾತಾಗಿದೆ.