ಮೂಗಿಗೂ ಬೆರಳಿಗೂ ಕೆಲಸವಿದ್ದ ನಮ್ಮ ಪ್ರಯೋಗಾಲಯ

ಆಮ್ಲ, ಪ್ರತ್ಯಾಮ್ಲದ ಪಾಠವೆಂದರೆ ಹೆಚ್ಚಿನವರಿಗೆ ಲಿಟ್ಮಸ್ ಕಾಗದ ನೆನಪಾಗುತ್ತದೆ. ನಮ್ಮ ತಂಡದವರಿಗೆ ನೆನಪಾಗುವುದು ಈರುಳ್ಳಿಯ ಘಾಟು. ತರಗತಿಯಲ್ಲಿ ಕಣ್ಣು ಕಾಣದ ಸಹಪಾಠಿಗಳಿದ್ದರು. 'ಕೆಂಪಾಯಿತು' ಎಂದು ಪಕ್ಕದವರು ಹೇಳಿದ್ದನ್ನು ಬರೆದುಕೊಂಡರೆ ಅದು ಉಕ್ತಲೇಖನ, ಪ್ರಯೋಗವಲ್ಲ ಎಂಬುದು ವಿಜ್ಞಾನದ ಮೇಡಂ ಹಟ.

ಈರುಳ್ಳಿ ಸಣ್ಣಗೆ ಹೆಚ್ಚಿ, ಒಗೆದ ಬಟ್ಟೆಯ ಪಟ್ಟಿಗಳೊಂದಿಗೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಇಡೀ ರಾತ್ರಿ ಫ್ರಿಜ್‌ನಲ್ಲಿಡಬೇಕು. ಮರುದಿನ ಒಂದು ಪಟ್ಟಿಗೆ ಕೆಲವು ಹನಿ ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲ, ಇನ್ನೊಂದಕ್ಕೆ ಸಾರರಿಕ್ತ ಸೋಡಿಯಂ ಹೈಡ್ರಾಕ್ಸೈಡ್. ನೀರಿನಲ್ಲಿ ಜಾಲಿಸಿ, ಕೈಯಿಂದ ಗಾಳಿ ಬೀಸಿಕೊಂಡು ಮೂಸಿದರೆ ಆಮ್ಲದ ಪಟ್ಟಿಯಲ್ಲಿ ವಾಸನೆ ಉಳಿದಿರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ. ವೆನಿಲ್ಲಾ ಎಸೆನ್ಸ್ ಇನ್ನೂ ಅನುಕೂಲ: ಅದರ ಪರಿಮಳದ ವಸ್ತುವಾದ ವೆನಿಲಿನ್ ಒಂದು ಫೀನಾಲ್, ಅಂದರೆ ದುರ್ಬಲ ಆಮ್ಲದಂತೆ ವರ್ತಿಸುವಂಥದ್ದು; ಪ್ರತ್ಯಾಮ್ಲದಲ್ಲಿ ಅದು ಅಯಾನಾಗಿ ನೀರಲ್ಲೇ ಉಳಿಯುತ್ತದೆ, ಆವಿಯಾಗಿ ಮೂಗು ಮುಟ್ಟುವುದಿಲ್ಲ. ಎಸೆನ್ಸ್ ಹೆಚ್ಚು ಸುರಿದರೆ ಪ್ರತ್ಯಾಮ್ಲ ಸಾಲದೆ ವಾಸನೆ ಉಳಿದು ಫಲಿತಾಂಶ ತಪ್ಪುತ್ತದೆ. ಅಮೋನಿಯಾವನ್ನಂತೂ ಬಳಸಲೇಬಾರದು, ಅದರ ಘಾಟೇ ಎಲ್ಲವನ್ನೂ ಮುಚ್ಚಿಬಿಡುತ್ತದೆ. ನಾಲ್ಕೈದು ಸಲ ಮೂಸಿದರೆ ಮೂಗು ಸೋಲುವುದರಿಂದ ನಡುವೆ ಹೊರಗೆ ಹೋಗಿ ಬರಬೇಕು. (ನೆಗಡಿಯಾದವರಿಗೆ ಅಂದು ಲಿಟ್ಮಸ್ಸೇ ಗತಿ.)

ದ್ರವ ಅಳೆಯಲು ಸೂಜಿಯಿಲ್ಲದ 5 ಮಿ.ಲೀ. ಸಿರಿಂಜ್. ದಂಡವನ್ನು 1 ಮಿ.ಲೀ.ಗೆ ಎಳೆದು, ಅದು ಕೊಳವೆಯ ಅಂಚಿನಿಂದ ಹೊರಬರುವ ಜಾಗದಲ್ಲಿ ಅರದಿಂದ ಸಣ್ಣ ಕಚ್ಚು; ಹೀಗೆ ಪ್ರತಿ ಮಿಲಿಲೀಟರಿಗೂ ಒಂದು. ಉಗುರಿಗೆ ಕಚ್ಚು ಸಿಕ್ಕಿದರೆ ಅಳತೆ ಸಿಕ್ಕಿತು. ದಂಡದ ಒಂದೇ ಉಬ್ಬುಗೆರೆಗೆ ಕಚ್ಚು ಹಾಕಬೇಕು, ಎಲ್ಲಕ್ಕೂ ಹಾಕಿದರೆ ಮುರಿಯುತ್ತದೆ. ತುದಿಯಲ್ಲಿ ಗಾಳಿಗುಳ್ಳೆ ನಿಂತರೆ ಅಳತೆ ಕಡಿಮೆಯಾಗುತ್ತದೆ. ಆದ್ದರಿಂದ ದ್ರವದೊಳಗೇ ಎರಡು ಸಲ ಎಳೆದು ಬಿಟ್ಟು ಆಮೇಲೆ ತುಂಬುವುದು. ಸರಿಯಿದೆಯೇ ಎಂದು ನೋಡಲು ತಕ್ಕಡಿ ಸಾಕು: 5 ಮಿ.ಲೀ. ನೀರು ಸುಮಾರು 5 ಗ್ರಾಂ.

ಹೃದಯದ ಚಿತ್ರಕ್ಕೆ ದರ್ಜಿಗಳ ಹಲ್ಲುಚಕ್ರ. ದಪ್ಪ ಕಾಗದದ ಕೆಳಗೆ ರಬ್ಬರ್ ಹಾಸಿ ಉರುಳಿಸಿದರೆ ಚುಕ್ಕಿಗಳು ಹಿಂಬದಿಯಲ್ಲಿ ಉಬ್ಬುತ್ತವೆ. ಅಂದರೆ ಚಿತ್ರ ತಿರುಗುಮುರುಗು, ಎಡ ಹೃತ್ಕುಕ್ಷಿ (ಹೃದಯದ ಕೆಳಕೋಣೆ) ಬಲ ಹೃತ್ಕುಕ್ಷಿಯ ಜಾಗಕ್ಕೆ! ಆದ್ದರಿಂದ ಮೊದಲು ಕನ್ನಡಿಬಿಂಬದಂತೆ ಬರೆದುಕೊಳ್ಳಬೇಕು. ಗೆರೆಗಳ ನಡುವೆ ಅರ್ಧ ಸೆಂಟಿಮೀಟರಾದರೂ ಇರಬೇಕು. ಕೋಣೆಗಳಿಗೆ ಒಂದು ಹಾಳೆ, ರಕ್ತನಾಳಗಳಿಗೆ ಇನ್ನೊಂದು. ಪಠ್ಯಪುಸ್ತಕದ ಚಿತ್ರವನ್ನು ಹಾಗೆಯೇ ಉಬ್ಬಿಸಿದರೆ ಬೆರಳಿಗೆ ಬರೀ ಗೋಜಲು.

ಯಾರ ಗಮನಕ್ಕೂ ಬಾರದವರು ಬಣ್ಣ ಗುರುತಿಸಲಾಗದ ಹುಡುಗರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ವರ್ಣಾಂಧತೆ ಇಲ್ಲ; ಪ್ರಮಾಣಪತ್ರವಿಲ್ಲ, ಹುಡುಗ ತಾನಾಗಿ ಹೇಳುವುದೂ ಇಲ್ಲ. ಪಿಯು ಟೈಟ್ರೇಷನ್ನಿನಲ್ಲಿ, ಅಂದರೆ ಬ್ಯುರೆಟ್ ಎಂಬ ಅಳತೆಗೊಳವೆಯಿಂದ ದ್ರಾವಣವನ್ನು ಹನಿಹನಿಯಾಗಿ ಸೇರಿಸಿ ಬಣ್ಣ ಬದಲಾದಾಗ ನಿಲ್ಲಿಸುವ ಪ್ರಯೋಗದಲ್ಲಿ, ಫಿನಾಫ್ತಲೀನ್ ಎಂಬ ಸೂಚಕದ ತಿಳಿಗುಲಾಬಿ ಅವನಿಗೆ ಕಾಣದೆ ಬ್ಯುರೆಟ್ ಹರಿಯುತ್ತಲೇ ಇರುತ್ತದೆ, ಮಾರ್ಕ್ಸ್ ಕಟ್. ಪ್ರಬಲ ಆಮ್ಲಕ್ಕೆ ಪ್ರಬಲ ಪ್ರತ್ಯಾಮ್ಲ ಹಾಕುವಾಗ ಥೈಮಾಲ್ಫ್ತಲೀನ್ ಎಂಬ ಇನ್ನೊಂದು ಸೂಚಕ ಬಳಸಿದರೆ ಬಣ್ಣವಿಲ್ಲದ್ದು ನೀಲಿಯಾಗುತ್ತದೆ, ಸುಮಾರು 9.3ರಿಂದ 10.5 ಪಿಎಚ್ ನಡುವೆ. ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರಿ ಆ ನೀಲಿ ನಿಧಾನವಾಗಿ ಮಾಸುತ್ತದೆ. ಅರ್ಧ ನಿಮಿಷ ನಿಂತರೆ ಅದೇ ಅಂತ್ಯಬಿಂದು, ಅಂದರೆ ಹನಿ ನಿಲ್ಲಿಸುವ ಹಂತ. ಮೇಡಂ ಇದನ್ನು ಇಡೀ ತರಗತಿಗೇ ಕೊಡುತ್ತಿದ್ದರು, ಯಾರಿಗಾಗಿ ಎಂದು ಯಾರೂ ಕೇಳುವಂತಿರಲಿಲ್ಲ.

ಕಿವಿ ಕೇಳದವರಿಗೆ ಖರ್ಚೇ ಇರಲಿಲ್ಲ. ಬೋರ್ಡಿನತ್ತ ತಿರುಗಿ ಬರೆಯುವಾಗ ಮಾತಿಲ್ಲ, ಮಾತಾಡುವಾಗ ಸುರಿಯುವುದಿಲ್ಲ, ಏಕೆಂದರೆ ತುಟಿ ಮತ್ತು ಬೀಕರು ಎರಡನ್ನೂ ಒಟ್ಟಿಗೆ ನೋಡಲಾಗದು. ಬೆಳಕಿನ ಪ್ರಯೋಗಕ್ಕೆ ಕಿಟಕಿ ಮುಚ್ಚುವ ಮೊದಲೇ ಎಲ್ಲ ಹಂತಗಳೂ ಬೋರ್ಡಿನ ಮೇಲೆ. ಕತ್ತಲಾದ ಮೇಲೆ ಹೇಳಬೇಕಾದ್ದಿದ್ದರೆ ಟಾರ್ಚ್ ಮೇಡಂ ಮುಖದ ಮೇಲೆ.