ವಿಂಗ್ ವಾಕ್‌ಗೆ ಜಾರದ ಲೇಪ: ಹೊಸೂರು ಶೆಡ್‌ನ ಕೆಲಸದ ದಾಖಲೆ

ಜನವರಿ ಎರಡನೇ ವಾರ: ಯಾವುದನ್ನು ಹಾಕುವುದು

ವಿಮಾನ ಎರಡು ಸೀಟಿನ ಕಿಟ್. ಪೂರ್ತಿ ಅಲ್ಯೂಮಿನಿಯಂ, ರೆಕ್ಕೆ ಕೆಳಗೆ. ಒಳಗೆ ಕೂರಬೇಕಾದರೆ ರೆಕ್ಕೆಯ ಬುಡದ ಮೇಲೆ ಕಾಲಿಟ್ಟೇ ಹತ್ತಬೇಕು. ವಿಂಗ್ ವಾಕ್ ಎನ್ನುವ ಆ ಪಟ್ಟಿ ಒಂದೊಂದು ಬದಿಗೆ 300 ಮಿ.ಮೀ. ಅಗಲ, 1,200 ಮಿ.ಮೀ. ಉದ್ದ, ಅಂದರೆ 0.36 ಚದರ ಮೀಟರ್. ಹೊಳಪು ಪೇಂಟಿನ ಮೇಲೆ ಸ್ವಲ್ಪ ಇಬ್ಬನಿ ಕೂತರೂ ಕಾಲು ಜಾರುತ್ತದೆ. ಹೊಸೂರಿನ ಜನವರಿ ಬೆಳಗಿನಲ್ಲಿ ಹೊರಗೆ ನಿಂತ ರೆಕ್ಕೆ ಒಣಗಿರುವುದು ಅಪರೂಪ.

ಎಲ್ಲಕ್ಕಿಂತ ಸುಲಭ, ಅಂಟಿಸುವ ಗ್ರಿಟ್ (ಒರಟು ಕಾಳು) ಟೇಪ್. ಅದನ್ನು ಕೈಬಿಟ್ಟಿದ್ದೇವೆ. ಅದರ ಅಂಚು ಒಮ್ಮೆ ಎದ್ದರೆ ನೀರು ಒಳಗೆ ಹೋಗಿ ಅಲ್ಲೇ ನಿಲ್ಲುತ್ತದೆ, ತಗಡು ತುಕ್ಕು ಹಿಡಿಯುವುದು ಮೇಲಿಂದ ಕಾಣುವುದೇ ಇಲ್ಲ. ರಿವೆಟ್ ತಲೆಗಳ ಸುತ್ತ ಗಾಳಿ ಸಿಕ್ಕಿಕೊಳ್ಳುವುದೂ ಉಂಟು. ಎರಡನೆಯದು ಗ್ರಿಟ್ ಬೆರೆಸಿಯೇ ಬರುವ ವಿಂಗ್ ವಾಕ್ ಕಾಂಪೌಂಡ್. ಡಬ್ಬಿಯ ಮೇಲೆ ಎ-ಎ-59166 ಎಂದಿದ್ದರೆ ಅದು ಅಮೆರಿಕ ಸೇನೆಯ ಹಳೆಯ ಮಿಲ್-ಡಬ್ಲ್ಯೂ-5044ರ ಜಾಗಕ್ಕೆ ಬಂದ ಸ್ಪೆಕ್. ಒಳ್ಳೆಯ ಮಾಲೇ. ಆದರೆ ಬೇಕಾದ್ದು ಬೊಗಸೆಯಷ್ಟು, ತರಿಸಬೇಕಾದ್ದು ದೊಡ್ಡ ಡಬ್ಬಿ, ಅದಕ್ಕೊಂದು ಬಳಕೆಯ ಗಡುವು ಬೇರೆ.

ಆಯ್ಕೆ ಮಾಡಿದ್ದು ಮೂರನೆಯದನ್ನು: ಎರಡು ಡಬ್ಬಿಯ (ಪೇಂಟ್ ಒಂದು, ಗಟ್ಟಿ ಮಾಡುವ ಹಾರ್ಡನರ್ ಒಂದು) ಮ್ಯಾಟ್ ಪಾಲಿಯುರೆಥೇನ್, ಅದರ ಮೇಲೆ ಉದುರಿಸುವ 60 ನಂಬರಿನ ಅಲ್ಯೂಮಿನಿಯಂ ಆಕ್ಸೈಡ್. ಎಪಾಕ್ಸಿ ಪೇಂಟ್ ಗಟ್ಟಿ ನಿಜ, ಆದರೆ ಬಿಸಿಲಿಗೆ ಪುಡಿಯೇಳುತ್ತದೆ. ಕಾಲಿಟ್ಟಾಗ 0.8 ಮಿ.ಮೀ. ತಗಡು ಬಾಗುವುದರಿಂದ ಬಿರುಕೂ ಬಿಡುತ್ತದೆ. ಪಾಲಿಯುರೆಥೇನ್ ತಗಡಿನ ಜೊತೆ ಬಾಗುತ್ತದೆ.

ಗ್ರಿಟ್ಟಿಗೆ ಹೊಳೆ ಮರಳು ಸಾಕಲ್ಲವೇ ಎಂಬ ಮಾತು ಬರುತ್ತಲೇ ಇರುತ್ತದೆ. ಸಾಲದು. ಅದರಲ್ಲಿ ಜೇಡಿಯೂ ತೇವವೂ ಇರುತ್ತವೆ, ಕಾಳು ಒಂದೇ ಗಾತ್ರದ್ದಲ್ಲ. ಸಮುದ್ರದ ಮರಳಂತೂ ಬೇಡವೇ ಬೇಡ, ಅದರ ಉಪ್ಪು ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ. ಪಾಲಿಪ್ರೊಪಿಲೀನ್ ಮಣಿ ಹಗುರ, ಮಂಡಿಯೂರಿದರೆ ಚುಚ್ಚುವುದಿಲ್ಲ, ಆದರೆ ಬೇಗ ಸವೆಯುತ್ತದೆ.

60 ನಂಬರಿನ ಕಾಳು ಸುಮಾರು 0.25 ಮಿ.ಮೀ. ಪೇಂಟ್ ಒಣಗಿದ ಮೇಲೆ ಕಾಳಿನ ಅರ್ಧದಷ್ಟು ಹೂತಿರಬೇಕು. ಅದಕ್ಕಿಂತ ಕಡಿಮೆಯಾದರೆ ಬೂಟಿಗೆ ಕಿತ್ತು ಬರುತ್ತದೆ, ಪೂರ್ತಿ ಮುಳುಗಿದರೆ ಹಿಡಿತವೇ ಇಲ್ಲ. ಇದರ ಮೇಲೆ ಲೆಕ್ಕ: ಮೊದಲ ಕೋಟ್ ಹಸಿಯಲ್ಲಿ 120 ಮೈಕ್ರಾನ್, ಮುಚ್ಚುವ ಕೋಟ್ 100 ಮೈಕ್ರಾನ್. ಒಂದು ಬದಿಗೆ ಸುಮಾರು 80 ಮಿ.ಲೀ. ರೋಲರ್ ಕುಡಿಯುವುದನ್ನು ಸೇರಿಸಿ 150 ಮಿ.ಲೀ. ಇಟ್ಟುಕೊಳ್ಳಬೇಕು. ಎರಡು ಕೋಟನ್ನೂ ಒಟ್ಟಿಗೆ ಕಲಸಬಾರದು, ಎರಡನೆಯದರ ಹೊತ್ತಿಗೆ ಪೇಂಟ್ ಡಬ್ಬಿಯಲ್ಲೇ ಗಟ್ಟಿಯಾಗುತ್ತದೆ. ಒಣಗಿದ ಪೇಂಟ್, ಅಂಟಿಕೊಂಡ ಗ್ರಿಟ್ ಎಲ್ಲ ಸೇರಿ ಒಂದು ಬದಿಗೆ 170 ಗ್ರಾಂ ಆಸುಪಾಸು.

ಇಷ್ಟು ಸ್ವಾತಂತ್ರ್ಯ ಇರುವುದು ಸ್ವಂತ ಕಟ್ಟುವ ಕಿಟ್ ಆದ್ದರಿಂದ. ಪೈಪರ್ ಪಿಎ-28ನಂಥ ಸರ್ಟಿಫೈಡ್ ವಿಮಾನವಾದರೆ ಮೆಂಟೆನೆನ್ಸ್ ಮ್ಯಾನುಯಲ್ ಹೇಳಿದ ಮಾಲನ್ನೇ ಹಾಕಬೇಕು, ಎಎಂಇ (ಪರವಾನಗಿ ಇರುವ ವಿಮಾನ ನಿರ್ವಹಣಾ ಎಂಜಿನಿಯರ್) ಸಹಿ ಬೇಕು.

ಜನವರಿ ಕೊನೆ: ತಗಡಿನ ತಯಾರಿ

ಲೇಪ ಉಳಿಯುವುದು ಬಿಡುವುದು ಇಲ್ಲೇ ತೀರ್ಮಾನವಾಗುತ್ತದೆ, ಗ್ರಿಟ್ ಯಾವುದಾದರೇನು.

ಮೊದಲು ಜಿಡ್ಡು ತೆಗೆಯಬೇಕು, ಆಮೇಲೆ ಉಜ್ಜಬೇಕು. ತಿರುಗುಮುರುಗಾದರೆ ಜಿಡ್ಡು ಗೀರುಗಳ ಒಳಗೆ ಕೂರುತ್ತದೆ. ಒಂದು ಬಟ್ಟೆಯಲ್ಲಿ ಅಸಿಟೋನ್ ಒರೆಸಿ, ಅದು ಆರುವ ಮುಂಚೆಯೇ ಒಣಬಟ್ಟೆಯಿಂದ ಎತ್ತಬೇಕು. ಆರಲು ಬಿಟ್ಟರೆ ಜಿಡ್ಡು ಅಲ್ಲೇ ಹರಡಿಕೊಂಡು ಉಳಿಯುತ್ತದೆ. ಸೀಟುಗಳ ಮೇಲಿನ ಪಾರದರ್ಶಕ ಮುಚ್ಚಳ, ಅಂದರೆ ಕ್ಯಾನೋಪಿಯನ್ನು ಇದಕ್ಕೂ ಮೊದಲೇ ಬಟ್ಟೆ, ಅದರ ಮೇಲೆ ಪ್ಲಾಸ್ಟಿಕ್ ಹಾಕಿ ಮುಚ್ಚಿದೆ. ಅಸಿಟೋನ್ ಒಂದು ಹನಿ ಸಿಡಿದರೂ ಅಕ್ರಿಲಿಕ್‌ನಲ್ಲಿ ಸಣ್ಣ ಬಿರುಕಿನ ಜಾಲ ಏಳುತ್ತದೆ.

ಉಜ್ಜಲು ಮೆರೂನ್ ಸ್ಕಾಚ್‌ಬ್ರೈಟ್ (ಒರಟು ನಾರಿನ ಪ್ಯಾಡ್) ಸಾಕು. ಆಲ್‌ಕ್ಲಾಡ್ 2024-ಟಿ3 ತಗಡಿನಲ್ಲಿ ಶುದ್ಧ ಅಲ್ಯೂಮಿನಿಯಂ ಪದರ ಒಂದೊಂದು ಬದಿಗೆ ದಪ್ಪದ ಶೇ 5, ಅಂದರೆ ಇಲ್ಲಿ 0.04 ಮಿ.ಮೀ. ಮಾತ್ರ. ಮಷೀನ್ ಹಿಡಿದು ಉಜ್ಜಿದರೆ ಅದೇ ಹೋಗುತ್ತದೆ, ತುಕ್ಕಿನಿಂದ ಕಾಯುವುದೂ ಅದೇ. ಸ್ಟೀಲ್ ವೂಲ್ ಹತ್ತಿರವೂ ತರಬಾರದು, ಅದರ ಚೂರುಗಳು ತಗಡಿನಲ್ಲಿ ನಾಟಿ ತುಕ್ಕಿಗೆ ಬೀಜವಾಗುತ್ತವೆ.

ಉಜ್ಜಿದ ಮೇಲೆ ನೀರಿನ ಪರೀಕ್ಷೆ. ಶುದ್ಧ ನೀರು ಸುರಿದಾಗ ಒಂದೇ ಹಾಳೆಯಾಗಿ ನಿಂತರೆ ಸರಿ. ಹನಿಹನಿಯಾಗಿ ಒಡೆದರೆ ಜಿಡ್ಡು ಇದೆ, ಮತ್ತೆ ಮೊದಲಿಂದ. ಎಡ ರೆಕ್ಕೆಯಲ್ಲಿ ತಗಡಿನ ಮೇಲೆ ತಗಡು ಕೂರುವ ಲ್ಯಾಪ್ ಜಾಯಿಂಟ್ ಪಕ್ಕ ನೀರು ಒಡೆಯಿತು, ಆ ಜಾಗವನ್ನು ಮತ್ತೆ ತೊಳೆದಾಯಿತು.

ಆಮೇಲೆ ಕ್ರೋಮೇಟ್ ಕನ್ವರ್ಶನ್ ಕೋಟಿಂಗ್, ತುಕ್ಕು ತಡೆದು ಪ್ರೈಮರ್ ಹಿಡಿಯುವಂತೆ ಮಾಡುವ ರಾಸಾಯನಿಕ ಪದರ. ತಗಡು ತಿಳಿ ಹೊಂಬಣ್ಣಕ್ಕೆ ತಿರುಗಿದ ಕೂಡಲೇ ತೊಳೆಯಬೇಕು. ಹೆಚ್ಚು ಹೊತ್ತು ಬಿಟ್ಟರೆ ಪುಡಿಪುಡಿಯಾಗಿ ಪ್ರೈಮರ್ ಹಿಡಿಯುವುದಿಲ್ಲ. ಇದು ಕ್ಯಾನ್ಸರ್ ತರುವ ರಾಸಾಯನಿಕ, ಗ್ಲೌಸ್ ಇಲ್ಲದೆ ಮುಟ್ಟುವ ಹಾಗಿಲ್ಲ. ತೊಳೆದ ನೀರನ್ನು ಮೋರಿಗೆ ಬಿಡದೆ ಕ್ಯಾನಿಗೆ ತುಂಬಬೇಕು. ಅದೇ ದಿನ ಎಪಾಕ್ಸಿ ಪ್ರೈಮರ್, ಅದರ ಮೇಲೆ ರೆಕ್ಕೆಯ ಬಿಳಿ ಬಣ್ಣ.

ಜೊತೆಗೇ ಬಳಿದ ತುಂಡು ತಗಡಿನ ಮೇಲೆ 2 ಮಿ.ಮೀ. ಅಂತರದಲ್ಲಿ ಅಡ್ಡ ಉದ್ದ ಬ್ಲೇಡ್ ಗೀರಿ, ಟೇಪ್ ಒತ್ತಿ ಕಿತ್ತು ನೋಡಿದ್ದಾಯಿತು. ಒಂದು ಚೌಕವೂ ಏಳಲಿಲ್ಲ. ಈ ಪರೀಕ್ಷೆಯನ್ನು ಗ್ರಿಟ್ ಬೀಳುವ ಮುಂಚೆಯೇ ಮಾಡಬೇಕು, ಒರಟು ಮೈಗೆ ಟೇಪ್ ಅಂಟುವುದೇ ಇಲ್ಲ.

ಫೆಬ್ರವರಿ ಮೊದಲ ವಾರ: ಬಳಿದದ್ದು

ಹೊತ್ತು ನೋಡಿ ಶುರು ಮಾಡಬೇಕು. ತಗಡಿನ ಬಿಸಿ ಇಬ್ಬನಿ ಬಿಂದುವಿಗಿಂತ (ಗಾಳಿಯ ತೇವ ನೀರಾಗಿ ಕೂರುವ ಉಷ್ಣತೆ) ಕನಿಷ್ಠ 3 ಡಿಗ್ರಿ ಮೇಲಿರಬೇಕು. ಗಾಳಿ 22 ಡಿಗ್ರಿ, ತೇವಾಂಶ ಶೇ 75 ಇದ್ದರೆ ಇಬ್ಬನಿ ಬಿಂದು ಸುಮಾರು 17.4. ಅಂದರೆ ತಗಡು 20.4 ದಾಟಿರಬೇಕು. ಬೆಳಗ್ಗೆ ಗಾಳಿ ಬೆಚ್ಚಗಾದರೂ ರಾತ್ರಿಯಿಡೀ ತಣ್ಣಗಾದ ರೆಕ್ಕೆ ಹಿಂದೆಯೇ ಉಳಿದಿರುತ್ತದೆ. ತೇವ ಸಿಕ್ಕರೆ ಹಾರ್ಡನರ್‌ನ ಐಸೊಸಯನೇಟ್ ಅದರೊಂದಿಗೆ ಸೇರಿ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ, ಪೇಂಟಿನಲ್ಲಿ ಗುಳ್ಳೆ. ಹಾಗಾಗಿ ಶುರು ಮಾಡಿದ್ದು ಹನ್ನೊಂದರ ಮೇಲೆ. ಬಟ್ಟೆಯ ಮಾಸ್ಕ್ ಇದಕ್ಕೆ ಆಗದು, ಸಾವಯವ ಆವಿಯ ಕಾರ್ಟ್ರಿಜ್ ಇರುವ ರೆಸ್ಪಿರೇಟರ್ ಬೇಕು.

ಬಿಳಿ ಬಣ್ಣದ ಹೊಳಪು ಹೋಗುವಷ್ಟು ಸ್ಕಾಚ್‌ಬ್ರೈಟ್ ಉಜ್ಜಿ, ಒರೆಸಿ, ಫೈನ್‌ಲೈನ್ ಟೇಪಿನಿಂದ ಗಡಿ ಹಾಕಿದೆ. ಮೂಲೆಗಳನ್ನು ಡಬ್ಬಿ ಮುಚ್ಚಳ ಇಟ್ಟು ದುಂಡಗೆ ಮಾಡಿದ್ದೇವೆ, ಚೂಪು ಮೂಲೆಯೇ ಮೊದಲು ಏಳುವುದು. ಪಟ್ಟಿ ರೆಕ್ಕೆಯ ಮುಂದಂಚಾದ ಲೀಡಿಂಗ್ ಎಡ್ಜ್‌ನಿಂದ ಸಾಕಷ್ಟು ಹಿಂದೆಯೇ ನಿಲ್ಲುತ್ತದೆ. ಇನ್‌ಸ್ಪೆಕ್ಷನ್ ಪ್ಲೇಟ್ ಸ್ಕ್ರೂ, ರೆಕ್ಕೆಯ ಹಿಂಬದಿಯಲ್ಲಿ ಇಳಿದು ಏರುವ ಫ್ಲ್ಯಾಪ್‌ನ ಸಂದು ಎರಡನ್ನೂ ಬಿಟ್ಟಿದೆ. ಫ್ಲ್ಯಾಪ್‌ನ ಹಿಂಜ್‌ಗೆ ಬೇರೆಯೇ ಟೇಪ್. ಈ ಗ್ರಿಟ್ ಗ್ರೈಂಡಿಂಗ್ ಚಕ್ರಕ್ಕೆ ಹಾಕುವ ಮಾಲು, ಹಿಂಜ್ ಒಳಗೆ ಹೋದರೆ ಪಿನ್ನನ್ನೇ ತಿನ್ನುತ್ತದೆ.

ಸಣ್ಣ ಕೂದಲಿನ ರೋಲರ್‌ನಲ್ಲಿ ಮೊದಲ ಕೋಟ್. ಹಸಿಯಿರುವಾಗಲೇ ಹಿಟ್ಟಿನ ಜರಡಿಯಲ್ಲಿ, ಎರಡಡಿ ಎತ್ತರದಿಂದ ಗ್ರಿಟ್ ಉದುರಿಸಿದ್ದು. ಹತ್ತಿರದಿಂದ ಹಾಕಿದರೆ ಗುಡ್ಡೆ ಬೀಳುತ್ತದೆ. ಫ್ಯಾನ್ ಬಂದ್. ಪೇಂಟ್ ಕಾಣದಷ್ಟು ಧಾರಾಳವಾಗಿ ಸುರಿಯಬೇಕು. ಅಂಟುವುದು ಬದಿಗೆ 120 ಗ್ರಾಂ ಇರಬಹುದು, ಉದುರಿಸಲು ಅದರ ಮೂರು ಪಟ್ಟು ಬೇಕು. ಗಟ್ಟಿಯಾದ ಮೇಲೆ ಮೆತ್ತನೆ ಬ್ರಷ್‌ನಲ್ಲಿ ಗುಡಿಸಿ, ವ್ಯಾಕ್ಯೂಮ್ ಹಿಡಿದು, ಮುಚ್ಚುವ ಕೋಟ್ ತೆಳ್ಳಗೆ. ಬಣ್ಣ ತಿಳಿ ಬೂದು. ಕಪ್ಪಾದರೆ ಬಿಸಿಲಿಗೆ ಸುಮ್ಮನೆ ಬಿಸಿಯೇರುತ್ತದೆ.

ಮುಚ್ಚುವ ಕೋಟ್ ಹಸಿಯಿರುವಾಗಲೇ ಟೇಪ್ ಎಳೆಯಬೇಕು, ಅಂಚಿನಿಂದ ಹೊರಕ್ಕೆ, ಮಡಚಿಕೊಂಡು. ಒಣಗಿದ ಮೇಲೆ ಎಳೆದರೆ ಅಂಚು ಹರಿದು ಹಲ್ಲುಹಲ್ಲಾಗುತ್ತದೆ, ಲೇಪ ಸುಲಿಯಲು ಶುರುವಾಗುವುದು ಅಲ್ಲಿಂದಲೇ.

ಉಳಿದದ್ದು

ಪೂರ್ತಿ ಗಟ್ಟಿಯಾಗಲು 7 ದಿನ, ಅಲ್ಲಿಯವರೆಗೆ ಯಾರೂ ಕಾಲಿಡುವಂತಿಲ್ಲ. ತುಂಡು ತಗಡನ್ನು 24 ಗಂಟೆ ನೀರಿನಲ್ಲಿ ಮುಳುಗಿಸಬೇಕು, ಪೆಟ್ರೋಲ್ ಬಟ್ಟೆಯಲ್ಲಿ ಉಜ್ಜಿ ಮೆತ್ತಗಾಗುತ್ತದೆಯೇ ನೋಡಬೇಕು. ಆಮೇಲೆ ಫ್ಲ್ಯಾಪನ್ನು ಪೂರ್ತಿ ಇಳಿಸಿ ಏರಿಸಿ ಸಂದಿನ ಅಳತೆ. ಎರಡೂ ಬದಿ ಸೇರಿ 340 ಗ್ರಾಂ ಅನ್ನುವುದು ಕಾಗದದ ಲೆಕ್ಕ, ತೂಕ ಹಾಕುವಾಗ ತಕ್ಕಡಿ ತೋರಿಸಿದ್ದೇ ವಿಮಾನದ ತೂಕ, ಸಮತೋಲ ಬರೆಯುವ ವೇಟ್ ಅಂಡ್ ಬ್ಯಾಲೆನ್ಸ್ ಹಾಳೆಗೆ ಹೋಗುತ್ತದೆ.